ಕೊಲಿಸೆ ಚಿತ್ರಮಂದಿರದ ಸಿಟ್ಟು

1939ರ ಜುಲೈ 7ರಂದು ಪ್ಯಾರಿಸ್‌ನ ಶಾಂಜೆಲಿಜೆ ಬೀದಿಯ ಕೊಲಿಸೆ ಚಿತ್ರಮಂದಿರದಲ್ಲಿ ಒಂದು ಹೊಸ ಸಿನಿಮಾ ತೆರೆಗೆ ಬಂತು. ಜನ ಕೂಗಾಡಿದರು, ಶಿಳ್ಳೆ ಹೊಡೆದರು. ನಮ್ಮಲ್ಲಿ ಹೀರೊ ಬಂದಾಗ ಖುಷಿಗೆ ಶಿಳ್ಳೆ ಬೀಳುತ್ತದೆ. ಫ್ರಾನ್ಸಿನಲ್ಲಿ ಶಿಳ್ಳೆ ಬಿತ್ತು ಅಂದರೆ ಛೀ ಅಂದ ಹಾಗೆ. ನಿರ್ದೇಶಕ ಅಲ್ಲೇ ಇದ್ದರು. ಒಬ್ಬ ಮನುಷ್ಯ ಪತ್ರಿಕೆಯೊಂದಕ್ಕೆ ಬೆಂಕಿ ಹಚ್ಚಿ ಥಿಯೇಟರನ್ನೇ ಸುಡಲು ನೋಡಿದ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ.

ಆ ನಿರ್ದೇಶಕ ಜ್ಯಾಂ ರೆನ್ವಾರ್. ಚಿತ್ರಕಾರ ಒಗುಸ್ತ್ ರೆನ್ವಾರ್ ಅವರ ಮಗ. ಸಿನಿಮಾ 'ಲಾ ರೆಗ್ಲ್ ದ್ಯು ಜು', ಅಂದರೆ ಆಟದ ನಿಯಮ. ಇವತ್ತು ಜಗತ್ತಿನ ಅತ್ಯುತ್ತಮ ಸಿನಿಮಾಗಳ ಯಾವ ಪಟ್ಟಿ ಮಾಡಿದರೂ ಇದರ ಹೆಸರು ಬರುತ್ತದೆ. ಹಾಗಾಗಿ ಇದರ ಕಥೆಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ: ಕಲಾವಿದ ದೊಡ್ಡವನು, ಪ್ರೇಕ್ಷಕರಿಗೆ ಅರ್ಥವಾಗಲಿಲ್ಲ, ಕೊನೆಗೆ ಕಾಲವೇ ನ್ಯಾಯ ಕೊಟ್ಟಿತು. ನನಗೆ ಈ ಕಥೆ ಒಪ್ಪಿಗೆಯಿಲ್ಲ. ಆ ದಿನ ಸಿಟ್ಟು ಮಾಡಿಕೊಂಡವರು ಸಿನಿಮಾವನ್ನು ತುಂಬ ಗಮನವಿಟ್ಟೇ ನೋಡಿದ್ದರು ಅನ್ನಿಸುತ್ತದೆ. ನಾವು ಈಗ ತಲೆಯಾಡಿಸಿ ಮೆಚ್ಚಿಕೊಂಡು ಎದ್ದು ಹೋಗುವುದಕ್ಕಿಂತ ಜಾಸ್ತಿ ಗಮನವಿಟ್ಟು ನೋಡಿದ್ದರೋ ಏನೋ.

ಮೊದಲು, ಜನ ಏನನ್ನು ನಿರೀಕ್ಷಿಸಿ ಬಂದಿದ್ದರು ಅಂತ ನೋಡಬೇಕು. 1937ರಲ್ಲಿ ರೆನ್ವಾರ್ 'ಲಾ ಗ್ರಾಂದ್ ಇಲ್ಯೂಸಿಯೋಂ' ಮಾಡಿದ್ದರು. ಮೊದಲ ಮಹಾಯುದ್ಧದ ಕೈದಿಗಳ ಕಥೆ. ಭರ್ಜರಿಯಾಗಿ ಓಡಿತ್ತು. 1938ರಲ್ಲಿ ಬಂದ 'ಲಾ ಬೆತ್ ಯುಮೇನ್' ಕೂಡ ಗೆದ್ದಿತ್ತು. ಆ ಹೊತ್ತಿಗೆ ಫ್ರಾನ್ಸಿನಲ್ಲಿ ಅವರಷ್ಟು ಬೇಡಿಕೆಯಿದ್ದ ನಿರ್ದೇಶಕರು ಕಡಿಮೆ. ಬೇರೆಯವರ ಹಂಗೇ ಬೇಡ ಅಂತ ತಮ್ಮ ಕ್ಲೋದ್ ಹಾಗೂ ಕೆಲವು ಗೆಳೆಯರನ್ನು ಕಟ್ಟಿಕೊಂಡು ಸ್ವಂತ ಕಂಪನಿ ತೆರೆದರು. ಅದರಿಂದ ಬಂದ ಸಿನಿಮಾ ಇದು. ಖರ್ಚು ಅಂದುಕೊಂಡದ್ದರ ಎರಡು ಪಟ್ಟಾಗಿ 50 ಲಕ್ಷ ಫ್ರಾಂಕ್ ದಾಟಿತು. ಅಂದಿನ ಫ್ರಾನ್ಸಿನಲ್ಲಿ ಅದು ಬಹಳ ದೊಡ್ಡ ಮೊತ್ತ. ಬಟ್ಟೆಗಳು ಹೆಸರಾಂತ ಫ್ಯಾಷನ್ ವಿನ್ಯಾಸಕಿ ಕೊಕೊ ಶನೆಲ್ ಅವರವು. ಹೊರಾಂಗಣವನ್ನು ಸೊಲೋನ್ಯ ಎಂಬ ಕಾಡು, ಕೆರೆ, ಜವುಗಿನ ಸೀಮೆಯಲ್ಲಿ ಚಿತ್ರಿಸಿದರು. 1939ರ ಫೆಬ್ರವರಿಯಲ್ಲಿ ಹೋದ ತಂಡಕ್ಕೆ ಮಳೆ ಬಿಡಲೇ ಇಲ್ಲ. ದಿನಗಟ್ಟಲೆ ಕಾದರು. ದುಡ್ಡು ಕರಗುತ್ತಾ ಹೋಯಿತು.

ಹಾಗಾಗಿ ಜನರ ತಲೆಯಲ್ಲಿ ಇದ್ದದ್ದು ಒಂದು ದೊಡ್ಡ, ಶ್ರೀಮಂತ, ನಗಿಸುವ ಸಿನಿಮಾ. ಅರಮನೆಯಂಥ ಮನೆ, ಅತಿಥಿಗಳು, ಪ್ರೇಮ ಪ್ರಸಂಗ, ಆಳುಕಾಳುಗಳ ತುಂಟಾಟ. ಶುರುವಿನಲ್ಲೇ ಬೊಮಾರ್ಶೆಯ 18ನೇ ಶತಮಾನದ ನಾಟಕದಿಂದ ಕೆಲವು ಸಾಲು ತೆರೆಯ ಮೇಲೆ ಬರುತ್ತವೆ. ಹಿಂದೆ ಹಳೆಯ ಸಂಗೀತ. ಇದು ಹಗುರವಾದ ಆಟ, ಆರಾಮಾಗಿ ಕೂತುಕೊಳ್ಳಿ ಅಂತ ಸಿನಿಮಾವೇ ಹೇಳಿದ ಹಾಗೆ.

ಆಮೇಲೆ ಶುರುವಾಗುತ್ತದೆ. ರಾತ್ರಿ, ಲ ಬುರ್ಜೆ ವಿಮಾನ ನಿಲ್ದಾಣ. ಆಂದ್ರೆ ಜ್ಯೂರಿಯೆ ಎಂಬ ಪೈಲಟ್ ಒಬ್ಬನೇ 23 ಗಂಟೆಯಲ್ಲಿ ಅಟ್ಲಾಂಟಿಕ್ ದಾಟಿ ಬಂದಿಳಿಯುತ್ತಾನೆ. ಜನಸಾಗರ. ರೇಡಿಯೋದವರು ಮೈಕು ಹಿಡಿಯುತ್ತಾರೆ. ದೇಶ ಪೂರ್ತಿ ಕೇಳಿಸಿಕೊಳ್ಳುತ್ತಿದೆ. ಅವನು ಹೇಳುವುದೇನು ಗೊತ್ತಾ? ಯಾವ ಹೆಣ್ಣಿಗಾಗಿ ಇಷ್ಟೆಲ್ಲ ಮಾಡಿದೆನೋ ಅವಳು ಬಂದಿಲ್ಲ, ನನಗೆ ಇಷ್ಟು ದುಃಖ ಯಾವತ್ತೂ ಆಗಿರಲಿಲ್ಲ ಅಂತ. ಆ ಹೆಣ್ಣು ಕ್ರಿಸ್ಟೀನ್, ಮಾರ್ಕ್ವಿ ಎಂಬ ಕುಲೀನ ಪದವಿಯ ರೊಬೇರ್ ದ ಲಾ ಶೆನೆಯ ಹೆಂಡತಿ. ಅವಳು ಮನೆಯಲ್ಲಿ ಅಲಂಕಾರ ಮಾಡಿಕೊಳ್ಳುತ್ತಾ ಇದನ್ನೇ ರೇಡಿಯೋದಲ್ಲಿ ಕೇಳುತ್ತಾಳೆ. ಗಂಡನೂ ಕೇಳುತ್ತಾನೆ.

1939ರ ಬೇಸಿಗೆಯಲ್ಲಿ ಕೂತು ಇದನ್ನು ನೋಡುವುದನ್ನು ಸ್ವಲ್ಪ ಊಹಿಸಿಕೊಳ್ಳಿ. ಯುದ್ಧ ತಪ್ಪಿಸಲು ಹಿಟ್ಲರ್ ಜತೆ ಮಾಡಿಕೊಂಡ ಮ್ಯೂನಿಕ್ ಒಪ್ಪಂದವಾಗಿ ಇನ್ನೂ ಒಂದು ವರ್ಷವೂ ಆಗಿಲ್ಲ. ಹಿಟ್ಲರ್ ಜೆಕೊಸ್ಲೊವಾಕಿಯಾವನ್ನು ನುಂಗಿಯಾಗಿದೆ. ಯುದ್ಧ ಬರುತ್ತದೋ ಇಲ್ಲವೋ ಅಂತ ಪ್ರತಿ ಮನೆಯಲ್ಲೂ ಆತಂಕ. ಅಂಥ ಹೊತ್ತಲ್ಲಿ ಪೈಲಟ್ ಅಂದರೆ ದೇಶದ ಹೆಮ್ಮೆ, ನಾಳೆ ಕಾಪಾಡುವವನು. ಈ ಸಿನಿಮಾದ ಪೈಲಟ್ ಮೈಕಿನ ಮುಂದೆ ಮಗುವಿನ ಹಾಗೆ ಮುನಿಸಿಕೊಳ್ಳುತ್ತಾನೆ. ಆಕಾಶದಲ್ಲಿ ವೀರ, ನೆಲದ ಮೇಲೆ ಹೇಗಿರಬೇಕೆಂದು ಗೊತ್ತಿಲ್ಲದವನು. ಜನರಿಗೆ ಬೇಕಾಗಿದ್ದ ಹೀರೊ ಮೊದಲ ಐದು ನಿಮಿಷದಲ್ಲೇ ಕೈತಪ್ಪಿದ.

ಸರಿ, ಹೀರೊ ಹೋದರೆ ಹೋಗಲಿ, ಖಳನಾಯಕನಾದರೂ ಬೇಕಲ್ಲ? ರೊಬೇರ್ ಇದ್ದಾನೆ. ಶ್ರೀಮಂತ, ಹೆಂಡತಿಗೆ ಮೋಸ ಮಾಡಿ ಜೆನ್ವಿಯೆವ್ ಎಂಬವಳ ಜತೆ ಸಂಬಂಧ ಇಟ್ಟುಕೊಂಡವನು. ಆದರೆ ಅವನನ್ನು ದ್ವೇಷಿಸಲು ಆಗುವುದಿಲ್ಲ. ಅವನಿಗೆ ಕೀಲಿ ಕೊಟ್ಟರೆ ಹಾಡುವ ಯಂತ್ರದ ಹಕ್ಕಿಗಳು, ಗೊಂಬೆಗಳು ಅಂದರೆ ಪ್ರಾಣ. ಒಂದು ದೊಡ್ಡ ಸಂಗೀತ ಯಂತ್ರವನ್ನು ಅತಿಥಿಗಳಿಗೆ ತೋರಿಸುವ ಕ್ಷಣವಿದೆ. ದೀಪಗಳು ಹತ್ತುತ್ತವೆ, ಗೊಂಬೆಗಳು ಗಂಟೆ ಬಾರಿಸುತ್ತವೆ, ಕ್ಯಾಮೆರಾ ನಿಧಾನಕ್ಕೆ ರೊಬೇರ್ ಮುಖಕ್ಕೆ ಬರುತ್ತದೆ. ಹೆಮ್ಮೆ, ನಾಚಿಕೆ, ಸಂಕೋಚ, ಸಂತೋಷ ಎಲ್ಲ ಒಟ್ಟಿಗೆ. ತಾನು ತೆಗೆದ ಶಾಟುಗಳಲ್ಲೆಲ್ಲ ಇದೇ ಅತ್ಯುತ್ತಮ ಇರಬಹುದು ಅಂತ ರೆನ್ವಾರ್ ಹೇಳಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ರೊಬೇರ್ ಪಾತ್ರ ಮಾಡಿದವರು ಮಾರ್ಸೆಲ್ ದಾಲಿಯೊ. ಯಹೂದಿ. ಇದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಆ ದಿನದ ಸಿಟ್ಟಿನಲ್ಲಿ ಇದೂ ಸೇರಿತ್ತು. ಫ್ರೆಂಚ್ ಮಾರ್ಕ್ವಿಯ ಪಾತ್ರಕ್ಕೆ ಯಹೂದಿ ನಟನೇ? ಅವನ ಹೆಂಡತಿಯ ಪಾತ್ರಕ್ಕೆ ಆಸ್ಟ್ರಿಯಾದ ಉಚ್ಚಾರಣೆಯಿರುವ ನೋರಾ ಗ್ರೆಗೋರ್? ಬಲಪಂಥದ ಪತ್ರಿಕೆಗಳು ಇದನ್ನು ಎತ್ತಿ ಆಡಿದವು. ರೆನ್ವಾರ್ ಇದನ್ನು ಮೊದಲೇ ನಿರೀಕ್ಷಿಸಿದ್ದಂತಿದೆ. ಸಿನಿಮಾದೊಳಗೇ ಒಂದು ದೃಶ್ಯ ಇಟ್ಟಿದ್ದಾರೆ. ಕೆಳಮಹಡಿಯಲ್ಲಿ ಆಳುಗಳು ಊಟಕ್ಕೆ ಕೂತಿದ್ದಾರೆ. ಯಜಮಾನರ ತಾಯಿಯ ಅಪ್ಪ ರೋಸೆಂಥಾಲ್, ಫ್ರಾಂಕ್‌ಫರ್ಟ್‌ನಿಂದ ಬಂದವನು ಅಂತ ಒಬ್ಬ ಚುಚ್ಚಿ ಮಾತಾಡುತ್ತಾನೆ. 'ಲಾ ಗ್ರಾಂದ್ ಇಲ್ಯೂಸಿಯೋಂ'ನಲ್ಲಿ ಇದೇ ದಾಲಿಯೊ ಮಾಡಿದ ಪಾತ್ರದ ಹೆಸರೂ ರೋಸೆಂಥಾಲ್. ಆಗ ಅಡುಗೆಯವನು ಯಜಮಾನರ ಪರ ನಿಲ್ಲುತ್ತಾನೆ. ಅವನ ವಾದ ಆಲೂಗಡ್ಡೆ ಸಲಾಡ್ ಬಗ್ಗೆ. ಆಲೂಗಡ್ಡೆ ಇನ್ನೂ ಸುಡುಸುಡುತ್ತಿರುವಾಗಲೇ ಬಿಳಿ ವೈನ್ ಸುರಿಯಬೇಕು. ಕೈ ಸುಟ್ಟೀತು ಅಂತ ಅಡುಗೆಯ ಹುಡುಗ ಸುರಿದಿರಲಿಲ್ಲ. ಯಜಮಾನರು ಒಂದೇ ತುತ್ತಿಗೆ ಅದನ್ನು ಕಂಡುಹಿಡಿದರು. ಪರದೇಶಿಯಾದರೂ ಸರಿ, ಅವರು ನಿಜವಾದ ದೊಡ್ಡ ಮನುಷ್ಯರು ಅಂತ ಅವನ ತೀರ್ಪು.

ಈ ದೃಶ್ಯದಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ದ್ವೇಷ ಊಟದ ಮೇಜಿನಲ್ಲಿ ಉಪ್ಪಿನ ಹಾಗೆ ಸಲೀಸಾಗಿ ಕೈಯಿಂದ ಕೈಗೆ ಹೋಗುತ್ತದೆ. ಅಡುಗೆಯವನ ಹೊಗಳಿಕೆಯಲ್ಲೂ ಅದು ಇದೆ. ಮುಂದಿನ ವರ್ಷವೇ ಜರ್ಮನ್ನರು ಪ್ಯಾರಿಸ್ ಹಿಡಿದರು. ಯಹೂದಿಗಳ ಮುಖ ಹೀಗಿರುತ್ತದೆ ಅಂತ ತೋರಿಸುವ ಪೋಸ್ಟರುಗಳಿಗೆ ನಾಜಿಗಳು ಬಳಸಿದ್ದು ದಾಲಿಯೊ ಅವರ ಫೋಟೋವನ್ನೇ. ಅಷ್ಟರಲ್ಲಿ ಅವರು ದೇಶ ಬಿಟ್ಟು ಲಿಸ್ಬನ್ ದಾರಿಯಾಗಿ ಅಮೆರಿಕದ ಕಡೆ ಹೊರಟಿದ್ದರು. 'ಕಾಸಾಬ್ಲಾಂಕಾ' ಸಿನಿಮಾದಲ್ಲಿ ಜೂಜಿನ ಮೇಜಿನ ಹಿಂದೆ ನಿಂತಿರುವವರು ಅವರೇ. ಹಿಂದೆ ಉಳಿದ ತಂದೆತಾಯಿ ನಾಜಿ ಶಿಬಿರಗಳಲ್ಲಿ ತೀರಿಕೊಂಡರು. ಇದನ್ನೆಲ್ಲ ತಿಳಿದ ಮೇಲೆ ಆ ಸಂಗೀತ ಯಂತ್ರದ ಮುಂದಿನ ಮುಖವನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ.

ಕಥೆ ಮುಂದೆ ಹೋಗುತ್ತದೆ. ಎಲ್ಲರೂ ಹಳ್ಳಿಯ ಕಡೆಯ ಲಾ ಕೊಲಿನಿಯೇರ್ ಬಂಗಲೆಗೆ ಬೇಟೆಗೆಂದು ಹೋಗುತ್ತಾರೆ. ಪೈಲಟ್‌ಗೂ ಆಹ್ವಾನ. ಅದನ್ನು ಗಿಟ್ಟಿಸಿಕೊಟ್ಟವನು ಒಕ್ತಾವ್, ಪೈಲಟ್‌ಗೂ ಕ್ರಿಸ್ಟೀನಳಿಗೂ ಗೆಳೆಯ. ಈ ಪಾತ್ರವನ್ನು ರೆನ್ವಾರ್ ತಾವೇ ಮಾಡಿದರು. ಕಾಡು ಕಾಯುವವನು ಶೂಮಾಕರ್. ಅವನ ಹೆಂಡತಿ ಲಿಸೆಟ್, ಕ್ರಿಸ್ಟೀನಳ ದಾಸಿ. ಮೊಲ ಕದಿಯುವ ಮಾರ್ಸೋ ಸಿಕ್ಕಿಬಿದ್ದರೂ, ರೊಬೇರ್ ಮಾತಾಡಿಸಿ ಮನೆಯಲ್ಲೇ ಕೆಲಸ ಕೊಡುತ್ತಾನೆ. ಮೊಲಗಳು ಬರಬಾರದು ಅಂದರೆ ಬೇಲಿ ಹಾಕಿಸಬೇಕು ಅಂತ ಶೂಮಾಕರ್ ಹೇಳಿದರೆ, ಬೇಲಿಯೂ ಬೇಡ, ಮೊಲಗಳೂ ಬೇಡ ಅನ್ನುವ ಯಜಮಾನ ಅವನು. ಎರಡೂ ಬೇಡ ಅಂದರೆ ಹೇಗೆ? ರೊಬೇರ್‌ಗೆ ಹೆಂಡತಿ ವಿಷಯದಲ್ಲೂ ಪ್ರೇಯಸಿ ವಿಷಯದಲ್ಲೂ ಇದೇ ಗೊಂದಲ.

ಬೇಟೆಯ ದೃಶ್ಯಕ್ಕೆ ಬರುತ್ತೇನೆ. ಇದನ್ನು ಬೇಗ ದಾಟಿ ಹೋಗಲು ಆಗದು.

ಬಿಳಿ ಅಂಗಿ ತೊಟ್ಟ ಆಳುಗಳು ಸಾಲಾಗಿ ನಿಂತು, ಕೋಲಿನಿಂದ ಮರಗಳನ್ನು ಬಡಿಯುತ್ತಾ ಕಾಡಿನಲ್ಲಿ ನಡೆದು ಬರುತ್ತಾರೆ. ಆ ಸದ್ದಿಗೆ ಮೊಲಗಳು, ಫೆಸಂಟ್ ಹಕ್ಕಿಗಳು ಬಯಲಿಗೆ ಓಡುತ್ತವೆ. ಅಲ್ಲಿ ಯಜಮಾನರೂ ಅತಿಥಿಗಳೂ ಬಂದೂಕು ಹಿಡಿದು ಕಾಯುತ್ತಿದ್ದಾರೆ. ಅಲ್ಲಿವರೆಗೆ ಉದ್ದುದ್ದ ಶಾಟುಗಳಲ್ಲಿ ಹರಿಯುತ್ತಿದ್ದ ಸಿನಿಮಾ ಇಲ್ಲಿ ಬದಲಾಗುತ್ತದೆ. ನಾಲ್ಕು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ 50ರಷ್ಟು ಶಾಟುಗಳು. ಗುಂಡು, ಹಕ್ಕಿ, ಗುಂಡು, ಮೊಲ. ಕೊನೆಗೆ ಒಂದು ಮೊಲ ಓಡುತ್ತಾ ಇದ್ದದ್ದು ಉರುಳಿ ಬಿದ್ದು, ಮುಂಗಾಲುಗಳನ್ನು ನಿಧಾನಕ್ಕೆ ಒಳಗೆಳೆದುಕೊಂಡು ಸಾಯುತ್ತದೆ. ಅದು ನಟನೆಯಲ್ಲ. ಪ್ರಾಣಿಗಳು ನಿಜವಾಗಿ ಸತ್ತಿವೆ.

ಇದನ್ನು ನೋಡಿದ ಶಾಂಜೆಲಿಜೆಯ ಪ್ರೇಕ್ಷಕರಿಗೆ ಏನನ್ನಿಸಿರಬಹುದು? ಬೇಟೆ ಅವರಿಗೆ ಹೊಸದಲ್ಲ. ಫ್ರಾನ್ಸಿನಲ್ಲಿ ಬೇಟೆ ಸಭ್ಯರ ಹವ್ಯಾಸ. ಆದರೆ ಕೊಲ್ಲುವವರ ಮುಖದಲ್ಲಿ ಕ್ರೌರ್ಯವೇ ಇಲ್ಲದ ಹಾಗೆ, ಒಳ್ಳೆಯ ನಡತೆಯ ಜನ ಆರಾಮಾಗಿ ಮಾತಾಡುತ್ತಾ, ಇದು ನನ್ನ ಗುಂಡು ಅದು ನಿಮ್ಮ ಗುಂಡು ಅಂತ ಮರ್ಯಾದೆಯಿಂದ ಹಂಚಿಕೊಳ್ಳುತ್ತಾ ಕೊಲ್ಲುವುದನ್ನು ಅಷ್ಟು ಹತ್ತಿರದಿಂದ ಯಾರೂ ತೋರಿಸಿರಲಿಲ್ಲ. ಆ ನಾಲ್ಕು ನಿಮಿಷ ಯುದ್ಧದ ಬಗ್ಗೆ ಇದೆ ಅಂತ ನಾವು ಈಗ ಸುಲಭವಾಗಿ ಹೇಳುತ್ತೇವೆ. ಅವರಿಗೆ ಹಾಗೆ ಹೇಳಿಕೊಳ್ಳುವ ಅನುಕೂಲ ಇರಲಿಲ್ಲ. ಅವರಿಗೆ ಅದು ತಮ್ಮದೇ ಭಾನುವಾರ.

ಬೇಟೆಯಾದ ಮೇಲೆ ರಾತ್ರಿಯ ಔತಣ. ಅತಿಥಿಗಳೇ ವೇಷ ಹಾಕಿ ಆಡುವ ಆಟಗಳು. ಸೇಂಟ್-ಸೋನ್ಸ್‌ರ 'ಮರಣ ನೃತ್ಯ' ಪಿಯಾನೋದಲ್ಲಿ ತನ್ನಷ್ಟಕ್ಕೆ ನುಡಿಯುತ್ತದೆ. ಅಸ್ಥಿಪಂಜರದ ವೇಷದವರು ಪ್ರೇಕ್ಷಕರ ನಡುವೆ ನುಗ್ಗುತ್ತಾರೆ. ಒಂದು ಕೋಣೆಯಲ್ಲಿ ಪೈಲಟ್ ಮತ್ತು ರೊಬೇರ್ ಹೊಡೆದಾಡುತ್ತಾರೆ. ಇನ್ನೊಂದು ಕಡೆ ಶೂಮಾಕರ್ ಪಿಸ್ತೂಲು ಹಿಡಿದು ಮಾರ್ಸೋನನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಇದೂ ಕಾರ್ಯಕ್ರಮದ ಭಾಗ ಇರಬೇಕು ಅಂದುಕೊಳ್ಳುತ್ತಾರೆ ಅತಿಥಿಗಳು. ಕ್ಯಾಮೆರಾ ಬಾಗಿಲಿನಿಂದ ಬಾಗಿಲಿಗೆ ಹೋಗುತ್ತದೆ. ಮುಂದೆ ಒಬ್ಬರು ಅಳುತ್ತಿದ್ದರೆ ಹಿಂದೆ ದೂರದಲ್ಲಿ ಇನ್ನೊಬ್ಬರು ಮುತ್ತಿಡುತ್ತಿರುತ್ತಾರೆ, ಎರಡೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ರೊಬೇರ್ ರೇಗಿ ಮನೆವಾರ್ತೆಯವನನ್ನು ಕರೆದು ಕೂಗುತ್ತಾನೆ: 'ಕೊರ್ನೆ, ಈ ನಾಟಕ ನಿಲ್ಲಿಸು!' ಕೊರ್ನೆ ಕೇಳುತ್ತಾನೆ: 'ಯಾವುದನ್ನು, ಮಹಾಸ್ವಾಮಿ?'

ಈ ಸಾಲಿಗೆ ನಾನು ಪ್ರತಿ ಸಲವೂ ನಗುತ್ತೇನೆ. ಆದರೆ 1939ರ ಪ್ರೇಕ್ಷಕರಿಗೆ ತೊಂದರೆಯಾದದ್ದು ಇಲ್ಲೇ ಅಂತಲೂ ಅನ್ನಿಸುತ್ತದೆ. ನಗಬೇಕೋ ಹೆದರಬೇಕೋ ಅಂತ ಸಿನಿಮಾ ಹೇಳಿಕೊಡುವುದಿಲ್ಲ. ಒಂದೇ ಶಾಟಿನಲ್ಲಿ ಎರಡೂ ಇರುತ್ತವೆ. ನೀವು ನಕ್ಕ ಮರುಕ್ಷಣ ಗುಂಡು ಹಾರುತ್ತದೆ. ನಕ್ಕದ್ದಕ್ಕೆ ನಿಮಗೇ ಮುಜುಗರ. ಆ ಮುಜುಗರವನ್ನು ಯಾರ ಮೇಲೆ ಹಾಕಬೇಕು? ತೆರೆಯ ಮೇಲೆ.

ಕೊನೆಗೆ ಸಾವು. ಕ್ರಿಸ್ಟೀನ್ ಮೈಮೇಲೆ ಲಿಸೆಟ್ಟಳ ಮೇಲುಹೊದಿಕೆ ಇದೆ. ದೂರದಿಂದ ನೋಡಿದ ಶೂಮಾಕರ್ ತನ್ನ ಹೆಂಡತಿಯೇ ಒಕ್ತಾವ್ ಜತೆ ಇದ್ದಾಳೆ ಅಂದುಕೊಳ್ಳುತ್ತಾನೆ. ಒಕ್ತಾವ್ ಅವಳ ಜತೆ ಓಡಿಹೋಗಲು ಕೋಟು ತರಲು ಹೋದವನು, ಕನ್ನಡಿಯಲ್ಲಿ ತನ್ನ ವಯಸ್ಸು ಕಂಡು, ಮನಸ್ಸು ಬದಲಿಸಿ, ಕೋಟನ್ನು ಪೈಲಟ್‌ಗೆ ತೊಡಿಸಿ ಕಳಿಸುತ್ತಾನೆ. ಗುಂಡು ಪೈಲಟ್‌ಗೆ ಬೀಳುತ್ತದೆ. ಬೇಟೆಯ ಮೊಲದ ಹಾಗೇ ಉರುಳಿದ ಅಂತ ಮಾರ್ಸೋ ಬಂದು ಹೇಳುತ್ತಾನೆ. ರೊಬೇರ್ ಮೆಟ್ಟಿಲ ಮೇಲೆ ನಿಂತು, ಇದೊಂದು ದುರದೃಷ್ಟಕರ ಅಪಘಾತ, ಕಾವಲುಗಾರ ಕಳ್ಳನೆಂದು ತಿಳಿದು ಗುಂಡು ಹಾರಿಸಿದ ಅಂತ ಘೋಷಿಸುತ್ತಾನೆ. ಅಪಘಾತಕ್ಕೆ ಇದು ಹೊಸ ವ್ಯಾಖ್ಯೆ ಅಂತ ಒಬ್ಬ ಅತಿಥಿ ಗೊಣಗಿದರೆ, ಮುದಿ ಜನರಲ್ ತಡೆಯುತ್ತಾನೆ: ಇಲ್ಲ, ಲಾ ಶೆನೆಗೆ ಗಾಂಭೀರ್ಯ ಇದೆ, ಈಗೀಗ ಅದು ಅಪರೂಪ. ಎಲ್ಲರೂ ಒಳಗೆ ಹೋಗುತ್ತಾರೆ.

ಶಿಕ್ಷೆ ಇಲ್ಲ, ಪಶ್ಚಾತ್ತಾಪ ಇಲ್ಲ. ಒಬ್ಬ ಮನುಷ್ಯ ಸತ್ತ, ಮನೆಯ ಮರ್ಯಾದೆ ಉಳಿಯಿತು. ಇದನ್ನು ಖಂಡಿಸುವ ಸಿನಿಮಾ ಆಗಿದ್ದರೆ ಎಡಪಂಥದವರಾದರೂ ಚಪ್ಪಾಳೆ ತಟ್ಟುತ್ತಿದ್ದರೋ ಏನೋ. ರೆನ್ವಾರ್ ಅವರ ಜತೆಯಲ್ಲೇ ಇದ್ದವರು. ಹಿಂದಿನ ವರ್ಷವಷ್ಟೇ ಫ್ರೆಂಚ್ ಕ್ರಾಂತಿಯ ಬಗ್ಗೆ 'ಲಾ ಮಾರ್ಸೆಯೇಸ್' ಮಾಡಿದ್ದರು. ಆದರೆ ಇಲ್ಲಿ ಆಳುಗಳೂ ಯಜಮಾನರಿಗಿಂತ ಮೇಲಲ್ಲ. ಅದೇ ಸುಳ್ಳು, ಅದೇ ಮೋಹ, ಅದೇ ಮೇಲುಕೀಳು. ಕೆಲಸ ಕಳೆದುಕೊಂಡ ಶೂಮಾಕರ್ ಮರಕ್ಕೆ ಒರಗಿ ಅಳುತ್ತಿರುವಾಗ ಸಮಾಧಾನ ಮಾಡುವವನು ಯಾರು? ಅದೇ ಮಾರ್ಸೋ, ಸ್ವಲ್ಪ ಹೊತ್ತಿನ ಹಿಂದೆ ಅವನು ಕೊಲ್ಲಲು ಓಡಿಸಿದವನು. ಇಬ್ಬರೂ ಒಟ್ಟಿಗೆ ಕತ್ತಲಲ್ಲಿ ನಡೆಯುತ್ತಾರೆ, ಗೆಳೆಯರ ಹಾಗೆ. ಆ ಗೆಳೆತನದಿಂದಲೇ ಕೊಲೆ ಆಗುತ್ತದೆ.

ಈ ಸಿನಿಮಾದ ಅತಿ ಪ್ರಸಿದ್ಧ ಮಾತು ಒಕ್ತಾವ್‌ನದು. ಎಲ್ಲರಿಗೂ ಅವರವರ ಕಾರಣಗಳಿರುತ್ತವೆ. ಇದನ್ನು ಎಷ್ಟೋ ಕಡೆ ಕರುಣೆಯ ಮಾತಾಗಿ ಬಳಸುತ್ತಾರೆ. ಪೂರ್ತಿ ಮಾತು ಹಾಗಿಲ್ಲ. ಈ ಭೂಮಿಯ ಮೇಲೆ ಭಯಂಕರವಾದದ್ದು ಒಂದಿದೆ, ಎಲ್ಲರಿಗೂ ಅವರವರ ಕಾರಣಗಳಿರುತ್ತವೆ ಎಂಬುದು ಅಂತ ಅವನು ಹೇಳುತ್ತಾನೆ. ಎಲ್ಲೋ ಒಂದು ಗುಂಡಿಯೊಳಗೆ ಹೋಗಿ ಅಡಗಿಕೊಳ್ಳಬೇಕು, ಯಾವುದು ಸರಿ ಯಾವುದು ತಪ್ಪು ಅಂತ ಹುಡುಕುವುದೇ ಬೇಡ ಅನ್ನುವ ಸುಸ್ತಿನಲ್ಲಿ ಬರುವ ಮಾತು. ಇನ್ನೊಂದು ಕಡೆ ಅವನೇ ಹೇಳುತ್ತಾನೆ, ಈ ಕಾಲದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಔಷಧಿ ಅಂಗಡಿಯ ಚೀಟಿಗಳು, ಸರ್ಕಾರಗಳು, ರೇಡಿಯೋ, ಸಿನಿಮಾ, ಪತ್ರಿಕೆಗಳು, ಹಾಗಿರುವಾಗ ನಮ್ಮಂಥವರು ಹೇಳದೆ ಇರಲು ಆಗುತ್ತದಾ ಅಂತ. ತಮ್ಮ ಕಡೆಗೆ ಯಾರಾದರೂ ಒಬ್ಬರು ನೇರವಾಗಿ ನಿಲ್ಲಲಿ ಅಂತ ಹಂಬಲಿಸುತ್ತಿದ್ದ ಜನರಿಗೆ ಈ ಮಾತು ಎಷ್ಟು ಚುಚ್ಚಿರಬೇಡ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಜ್ವಾಲಾಮುಖಿಯ ಮೇಲೆ ಕುಣಿಯುತ್ತಿದ್ದೇವೆ ಅಂತ ರೆನ್ವಾರ್ ಆ ದಿನಗಳ ಬಗ್ಗೆ ಹೇಳುತ್ತಿದ್ದರು. ಕುಣಿಯುತ್ತಿರುವವರಿಗೆ ಅದನ್ನು ತೋರಿಸಿದರೆ ಅವರು ಸುಮ್ನೆ ಕೂತು ಕೇಳುತ್ತಾರೆ ಅಂತ ಯಾರು ಹೇಳಿದರು?

ಎಲ್ಲರೂ ಬೈದರು ಅನ್ನುವುದು ಪೂರ್ತಿ ನಿಜವಲ್ಲ. ಮೆಚ್ಚಿ ಬರೆದ ವಿಮರ್ಶಕರೂ ಇದ್ದರು. ಆದರೆ ದುಡ್ಡು ಹಾಕಿದವರಿಗೆ, ಹಂಚಿಕೆದಾರರಿಗೆ ಕೇಳಿಸಿದ್ದು ಶಿಳ್ಳೆ ಮಾತ್ರ. ಬಿಡುಗಡೆಗೆ ಮುಂಚೆಯೇ ಕತ್ತರಿ ಬಿದ್ದಿತ್ತು. ಮೊದಲ ದಿನ ತೋರಿಸಿದ್ದು 94 ನಿಮಿಷದ ಸಿನಿಮಾ. ಆಮೇಲೆ ರೆನ್ವಾರ್ ತಾವೇ ಕೂತು ಇನ್ನಷ್ಟು ಕತ್ತರಿಸಿದರು. ಜನ ಎಲ್ಲೆಲ್ಲಿ ಕೂಗಿದರೋ ಅಲ್ಲೆಲ್ಲ. ಕೊನೆಗೆ ಉಳಿದದ್ದು ಸುಮಾರು 85 ನಿಮಿಷ. ಹೆಚ್ಚು ಹೊಡೆತ ಬಿದ್ದದ್ದು ಒಕ್ತಾವ್‌ಗೆ, ಅಂದರೆ ಅವರದೇ ಪಾತ್ರಕ್ಕೆ. ನಟನೆ ಬರುವುದಿಲ್ಲ ಅಂತ ಜನ ಬೈದಿದ್ದರು.

ಒಕ್ತಾವ್‌ನ ಒಂದು ದೃಶ್ಯ ನನಗೆ ತುಂಬ ಇಷ್ಟ. ಅವನು ಸಂಗೀತಗಾರನಾಗಬೇಕೆಂದುಕೊಂಡು ಆಗದೇ ಹೋದವನು. ಕ್ರಿಸ್ಟೀನಳ ಅಪ್ಪ ವಿಯೆನ್ನಾದ ದೊಡ್ಡ ಆರ್ಕೆಸ್ಟ್ರಾ ನಿರ್ದೇಶಕ, ಇವನ ಗುರು. ರಾತ್ರಿ ಬಂಗಲೆಯ ಮುಂದಿನ ಮೆಟ್ಟಿಲ ಮೇಲೆ, ಗುರುಗಳು ಹೇಗೆ ವೇದಿಕೆಗೆ ಬರುತ್ತಿದ್ದರು ಅಂತ ಅವಳಿಗೆ ಆಡಿ ತೋರಿಸುತ್ತಾನೆ. ಕತ್ತಲೆಯ ಕಡೆ ತಿರುಗಿ ಕೈಯೆತ್ತುತ್ತಾನೆ. ಆರ್ಕೆಸ್ಟ್ರಾ ಇಲ್ಲ. ಕೈ ಇಳಿಯುತ್ತದೆ, ಮೆಟ್ಟಿಲ ಮೇಲೆ ಕುಸಿಯುತ್ತಾನೆ. ದೊಡ್ಡ ಮೈಯ, ಸ್ವಲ್ಪ ಒಡ್ಡೊಡ್ಡಾಗಿ ನಡೆಯುವ ರೆನ್ವಾರ್ ಆ ಪಾತ್ರದಲ್ಲಿ ಇರದಿದ್ದರೆ ಆ ನೋವು ಬರುತ್ತಿರಲಿಲ್ಲ. ನುರಿತ ನಟ ಅದನ್ನು ಚೆನ್ನಾಗಿ ಮಾಡಿಬಿಡುತ್ತಿದ್ದ. ಇಲ್ಲಿ ಬೇಕಾಗಿದ್ದು ಚೆನ್ನಾಗಿ ಮಾಡಲಾಗದವನು.

ಕತ್ತರಿಸಿದರೂ ಸಿನಿಮಾ ಉಳಿಯಲಿಲ್ಲ. ಕೆಲವೇ ವಾರ ಓಡಿತು. ಸೆಪ್ಟೆಂಬರ್ 3ಕ್ಕೆ ಫ್ರಾನ್ಸ್ ಯುದ್ಧ ಸಾರಿತು. ಅಕ್ಟೋಬರಿನಲ್ಲಿ ಸರ್ಕಾರ ಇದನ್ನು ನಿಷೇಧಿಸಿತು. ಮನಸ್ಸು ಕುಗ್ಗಿಸುತ್ತದೆ, ಅನೈತಿಕ, ಹುಡುಗರನ್ನು ಕೆಡಿಸುತ್ತದೆ ಎಂಬುದು ಕಾರಣ. ಜರ್ಮನ್ನರು ಬಂದ ಮೇಲೂ ನಿಷೇಧವೇ. 1942ರಲ್ಲಿ ಪ್ಯಾರಿಸ್ ಹೊರವಲಯದ ಬುಲೋನ್‌ನಲ್ಲಿದ್ದ ಲ್ಯಾಬ್ ಮೇಲೆ ಮಿತ್ರ ರಾಷ್ಟ್ರಗಳ ಬಾಂಬ್ ಬಿದ್ದು ಮೂಲ ನೆಗೆಟಿವ್ ನಾಶವಾಯಿತು. ರೆನ್ವಾರ್ ಆಗಲೇ ಅಮೆರಿಕದಲ್ಲಿದ್ದರು.

ಯುದ್ಧ ಮುಗಿದ ಮೇಲೆ ಉಳಿದಿದ್ದ ಮೊಟಕು ಪ್ರತಿಯೇ ಫಿಲ್ಮ್ ಕ್ಲಬ್ಬುಗಳಲ್ಲಿ ಓಡಾಡಿತು. ಹರಿದ, ಅರ್ಧ ಅರ್ಥವಾಗುವ ಆ ಪ್ರತಿಯನ್ನು ನೋಡಿಯೇ ಒಂದು ಪೀಳಿಗೆಯ ಹುಡುಗರು ಮರುಳಾದರು. ವಿಮರ್ಶಕ ಆಂದ್ರೆ ಬಜಾಂ ಇದರ ಬಗ್ಗೆ ಬರೆದರು, ಮಾತಾಡಿದರು. ಅವರ ಹಿಂದೆ ಬಂದ, ಮುಂದೆ ನಿರ್ದೇಶಕರಾದ ತ್ರೂಫೋಗೆ ಇದು ಸಿನಿಮಾಗಳ ಸಿನಿಮಾ ಆಯಿತು. 1952ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಅತ್ಯುತ್ತಮ ಸಿನಿಮಾ ಯಾವುದೆಂದು ಮೊದಲ ಬಾರಿ ವಿಮರ್ಶಕರ ಮತ ಕೇಳಿದಾಗ ಇದು ಹತ್ತನೇ ಸ್ಥಾನದಲ್ಲಿತ್ತು. ಅಂದರೆ ಆ ಮತಗಳು ಬಿದ್ದದ್ದು ಕೈಕಾಲು ಕಳೆದುಕೊಂಡ ಪ್ರತಿಗೆ.

ಆಮೇಲೆ ನಡೆದದ್ದು ಪ್ರೀತಿಯ ಕೆಲಸ. ಜ್ಯಾಂ ಗಾಬೊರಿ ಮತ್ತು ಜಾಕ್ ಮಾರೆಷಾಲ್ ಎಂಬ ಇಬ್ಬರು ಸಿನಿಮಾದ ಹಕ್ಕು ಪಡೆದು ಹುಡುಕಾಟಕ್ಕೆ ಬಿದ್ದರು. ನೂರಾರು ಡಬ್ಬಿಗಳಲ್ಲಿ ತುಣುಕುಗಳು ಸಿಕ್ಕವು. ಬೇಡ ಅಂತ ಬಿಸಾಕಿದ್ದ ಶಾಟುಗಳು, ಧ್ವನಿಯ ತುಂಡುಗಳು. ರೆನ್ವಾರ್ ಸಲಹೆ ಪಡೆದು ಎಲ್ಲವನ್ನೂ ಜೋಡಿಸಿದರು. 106 ನಿಮಿಷದ ಸಿನಿಮಾ ಆಯಿತು. ಒಂದು ಚಿಕ್ಕ ದೃಶ್ಯ ಬಿಟ್ಟರೆ ಎಲ್ಲ ಸಿಕ್ಕಿದೆ, ಅದೇನೂ ಮುಖ್ಯವಲ್ಲ ಅಂದರು ರೆನ್ವಾರ್. 1959ರಲ್ಲಿ ವೆನಿಸ್‌ನಲ್ಲಿ ತೋರಿಸಿದರು. ಹಿಂದಿನ ವರ್ಷವೇ ತೀರಿಕೊಂಡಿದ್ದ ಬಜಾಂ ಅವರ ನೆನಪಿಗೆ ಅದನ್ನು ಅರ್ಪಿಸಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಮೊದಲ ದಿನದ ಪ್ರೇಕ್ಷಕರು ನೋಡಿದ್ದು 94 ನಿಮಿಷ. ನಾವು ನೋಡುವುದು 106. ನಾವು ಮೆಚ್ಚುವ ಸಿನಿಮಾವನ್ನು ಅವರು ಬೈದೇ ಇಲ್ಲ, ಅವರು ಅದನ್ನು ನೋಡಿಯೇ ಇರಲಿಲ್ಲ. ಅವರಿಗೆ ಸಿಕ್ಕದ್ದು ಅಂಚು ಹರಿದ, ಹೆಚ್ಚು ಒರಟಾದ ಒಂದು ಸಿನಿಮಾ. ನಮಗೆ ಸಿಕ್ಕಿರುವುದು ಉಸಿರಾಡಲು ಜಾಗವಿರುವ, ಒಕ್ತಾವ್‌ನ ಸಂಕಟಕ್ಕೆ ಸಮಯ ಕೊಡುವ ಸಿನಿಮಾ. ಎರಡರ ಪ್ರೇಕ್ಷಕರನ್ನು ಪಕ್ಕಪಕ್ಕ ನಿಲ್ಲಿಸಿ, ಅವರು ದಡ್ಡರು ನಾವು ಜಾಣರು ಅನ್ನುವುದು ನ್ಯಾಯವಲ್ಲ.

ನಮ್ಮ ದೇಶಕ್ಕೂ ಇದರ ಒಂದು ಎಳೆ ಬಂದಿದೆ. 1949ರಲ್ಲಿ 'ದಿ ರಿವರ್' ಸಿನಿಮಾಕ್ಕೆ ಜಾಗ ಹುಡುಕಲು ರೆನ್ವಾರ್ ಕಲ್ಕತ್ತಾಗೆ ಬಂದರು. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಸತ್ಯಜಿತ್ ರಾಯ್ ಹೋಟೆಲಿಗೆ ಹೋಗಿ ರೆನ್ವಾರ್ ಅವರನ್ನು ಭೇಟಿಯಾದರು, ಹಳ್ಳಿಗಳ ಕಡೆ ಜತೆಗೆ ಓಡಾಡಿದರು. ಆಗ 'ಲಾ ರೆಗ್ಲ್ ದ್ಯು ಜು' ಇನ್ನೂ ಮೊಟಕು ಪ್ರತಿಯಾಗಿಯೇ ಇತ್ತು. ಕೊಲಿನಿಯೇರ್ ಬಂಗಲೆಯ ಒಳಗನ್ನು ಕಟ್ಟಿದ ಕಲಾ ನಿರ್ದೇಶಕ ಯೂಜೀನ್ ಲೂರಿಯೆ ಕಲ್ಕತ್ತಾದಲ್ಲೂ ಜತೆಗಿದ್ದರು. ಅವರ ಕೈಕೆಳಗೆ ಕೆಲಸ ಮಾಡಿದವರು ಬನ್ಸಿ ಚಂದ್ರಗುಪ್ತ. ಮುಂದೆ ರಾಯ್ ಅವರ 'ಪಥೇರ್ ಪಾಂಚಾಲಿ'ಯ ಕಲಾ ನಿರ್ದೇಶಕರು ಅವರೇ. 'ದಿ ರಿವರ್' ಚಿತ್ರೀಕರಣವನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತ ಸುಬ್ರತೋ ಮಿತ್ರಾ 'ಪಥೇರ್ ಪಾಂಚಾಲಿ'ಯ ಛಾಯಾಗ್ರಾಹಕರು. ಪ್ಯಾರಿಸ್‌ನಲ್ಲಿ ಜನ ಕೈಬಿಟ್ಟ ಮನುಷ್ಯ ಹತ್ತು ವರ್ಷದಲ್ಲಿ ಬಂಗಾಳದ ನದಿ ದಡದಲ್ಲಿ ಹೊಸಬರಿಗೆ ಮೇಷ್ಟ್ರಾದರು.

1962ರಿಂದ 2002ರವರೆಗೆ 'ಸೈಟ್ ಅಂಡ್ ಸೌಂಡ್' ಮತದಾನದಲ್ಲಿ ಈ ಸಿನಿಮಾ ಎರಡು ಅಥವಾ ಮೂರನೇ ಸ್ಥಾನ ಬಿಟ್ಟು ಇಳಿಯಲೇ ಇಲ್ಲ. 2012ರಲ್ಲಿ ನಾಲ್ಕು. 2022ರಲ್ಲಿ 13. ಇಳಿದದ್ದಕ್ಕೆ ಕೆಲವರು ಬೇಸರಪಟ್ಟರು. ನನಗೆ ಬೇಸರವಿಲ್ಲ. ಪಟ್ಟಿಯ ಮೇಲಿದ್ದ ಅಷ್ಟೂ ವರ್ಷ ಅದನ್ನು ಜನ ಪಾಠದ ಹಾಗೆ ನೋಡಿದರು. ಕ್ಯಾಮೆರಾ ಹೇಗೆ ಚಲಿಸಿತು, ಆಳದಲ್ಲಿ ಏನು ಕಂಡಿತು ಅಂತ ಬರೆದುಕೊಂಡರು. ಸಿಟ್ಟಾದವರು ಯಾರೂ ಇರಲಿಲ್ಲ.

ಈಚೆಗೆ ಮನೆಯಲ್ಲಿ ಕೆಲವು ಗೆಳೆಯರ ಜತೆ ಮತ್ತೆ ನೋಡಿದೆ. ಬೇಟೆಯ ದೃಶ್ಯ ಬಂದಾಗ ಅವರಲ್ಲಿ ಒಬ್ಬಳು, ನನಗಿಂತ ಬಹಳ ಚಿಕ್ಕವಳು, ಎದ್ದು ಅಡುಗೆಮನೆಗೆ ಹೋದಳು. ಮೊಲ ಸಾಯುವುದನ್ನು ತೋರಿಸಲು ಮೊಲವನ್ನು ಸಾಯಿಸಬೇಕಿತ್ತಾ ಅಂತ ಕೇಳಿದಳು. ಅದು ಆ ಕಾಲ, ಆ ಜನರ ಕ್ರೌರ್ಯ ತೋರಿಸಲು ಬೇರೆ ದಾರಿ ಇರಲಿಲ್ಲ, ನೋಡುವವರಿಗೆ ನೋವಾಗಬೇಕು ಅಂತಲೇ ಹಾಗೆ ತೆಗೆದಿದ್ದಾರೆ ಅಂತ ನಾನು ಹೇಳಿದೆ. 'ಹಾಗಾದರೆ ಅವರಿಗೂ ಒಂದು ಕಾರಣ ಇತ್ತು, ಅಲ್ವಾ?' ಅಂದಳು. ಆ ರಾತ್ರಿ ಊಟ ಮುಗಿಯುವವರೆಗೂ ಜಗಳ ಆಡಿದೆವು. ಅವಳು ಉಳಿದ ಸಿನಿಮಾ ನೋಡಲು ಒಪ್ಪಲಿಲ್ಲ. ನಾನು ನನ್ನ ಮಾತನ್ನು ಇನ್ನೂ ಬಿಟ್ಟಿಲ್ಲ, ಅವಳೂ ಬಿಟ್ಟಿಲ್ಲ.